ಬೆಕ್ಕಿನ ಮೈಗೆ ಪೇಂಟ್ ಮೆತ್ತಿತಾ? ಥಿನ್ನರ್ ಮುಟ್ಟಬೇಡಿ

ಯುಗಾದಿ ಹತ್ತಿರ ಬಂತೆಂದರೆ ನಮ್ಮ ಬಳ್ಳಾರಿಯ ಓಣಿಗಳಲ್ಲಿ ಥಿನ್ನರ್ ವಾಸನೆ ಶುರುವಾಗುತ್ತದೆ. ಹೋದ ವರ್ಷ ನಮ್ಮ ಬೆಕ್ಕು ಹಸಿ ಬಾಗಿಲಿಗೆ ಮೈ ಉಜ್ಜಿ, ಬಾಲಕ್ಕೆಲ್ಲ ಹಸಿರು ಆಯಿಲ್ ಪೇಂಟ್ ಮೆತ್ತಿಕೊಂಡು ಬಂತು. ಅಪ್ಪ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆ ಹಿಡಿದು ಬಂದೇಬಿಟ್ಟರು, ನಾನು ಓಡಿಹೋಗಿ ತಡೆದೆ. ಥಿನ್ನರ್ ಚರ್ಮ ಸುಡುತ್ತದೆ, ಮೇಲಾಗಿ ಬೆಕ್ಕು ಮೈಯೆಲ್ಲ ನೆಕ್ಕಿಕೊಳ್ಳುತ್ತದಲ್ವಾ, ಮೈಮೇಲೆ ಬಿದ್ದದ್ದು ಹೊಟ್ಟೆಗೇ ಹೋಗುತ್ತದೆ.

ಮೊದಲು ಟವೆಲ್‌ನಲ್ಲಿ ಸುತ್ತಿ, ನೆಕ್ಕಲು ಬಿಡದೆ ಹಿಡಿದುಕೊಳ್ಳಿ. ಹಸಿ ಪೇಂಟ್ ಮೇಲೆ ಅಡುಗೆ ಎಣ್ಣೆ ಹಚ್ಚಿ ಬೆರಳಿನಿಂದ ಮೆಲ್ಲಗೆ ತಿಕ್ಕಿ, ಬಣ್ಣ ಬಿಡುತ್ತಾ ಬಂದಂತೆ ಹಳೇ ಬಟ್ಟೆಯಲ್ಲಿ ಒರೆಸಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ, ಉಗುರುಬೆಚ್ಚಗಿನ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಒಣಗಿ ಗಟ್ಟಿಯಾಗಿದ್ದರೆ ಎಳೆಯಬೇಡಿ, ಆ ಕೂದಲನ್ನೇ ಕತ್ತರಿಸಿ. ಮೈಮೇಲೆ ಥಿನ್ನರ್ ಅಥವಾ ಸೀಮೆಎಣ್ಣೆಯೇ ಚೆಲ್ಲಿದ್ದರೆ ತಡಮಾಡದೆ ಇದೇ ಲಿಕ್ವಿಡ್ ಹಾಕಿ ತೊಳೆಯಿರಿ.

ಕುಡಿದುಬಿಟ್ಟಿದ್ದರೆ? ದಯವಿಟ್ಟು ವಾಂತಿ ಮಾಡಿಸಬೇಡಿ. ಉಪ್ಪುನೀರು ಬೇಡ, ಹಾಲೂ ಬೇಡ. ಥಿನ್ನರ್, ಪೆಟ್ರೋಲ್, ಸೀಮೆಎಣ್ಣೆ ಎಲ್ಲಾ ತುಂಬಾ ತೆಳು, ವಾಂತಿಯಾಗುವಾಗ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಹೊಟ್ಟೆಗಿಂತ ಅಲ್ಲೇ ಅಪಾಯ ಜಾಸ್ತಿ. ಗಾಳಿ ಆಡುವ ಕಡೆ ಕರೆತನ್ನಿ, ಡಬ್ಬಿಯ ಲೇಬಲ್ ಫೋಟೊ ತೆಗೆದುಕೊಂಡು ಪಶು ಆಸ್ಪತ್ರೆಗೆ ಹೊರಡಿ. ಎಲ್ಲಿಗೆ ಹೋಗಬೇಕೆಂದು ಗೊತ್ತಾಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಕೆಮ್ಮು, ಏದುಸಿರು ಕಂಡರಂತೂ ನಿಲ್ಲಲೇಬೇಡಿ.

ಕಾರಿನ ರೇಡಿಯೇಟರ್‌ಗೆ ಹಾಕುವ ಕೂಲಂಟ್ ಇನ್ನೂ ಕೆಟ್ಟದ್ದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿಗಳು ನೆಕ್ಕಿಬಿಡುತ್ತವೆ. ಬೆಕ್ಕಿಗೆ ಒಂದು ಟೀ ಚಮಚದಷ್ಟು ಸಾಕು ಪ್ರಾಣ ಹೋಗಲು. ಮೊದಲು ಕುಡಿದವರ ಹಾಗೆ ತೂರಾಡುತ್ತದೆ, ಆಮೇಲೆ ಸುಧಾರಿಸಿದಂತೆ ಕಾಣುತ್ತದೆ. ನಂಬಬೇಡಿ, ಒಳಗೆ ಕಿಡ್ನಿ ಹೋಗುತ್ತಿರುತ್ತದೆ. ಬೆಕ್ಕಾದರೆ ಮೂರು ಗಂಟೆಯೊಳಗೆ ಚಿಕಿತ್ಸೆ ಶುರುವಾಗಬೇಕು.

ಫಿನಾಯಿಲ್ ಹಾಕಿ ಒರೆಸಿದ ನೆಲವೂ ಒಣಗುವ ತನಕ ಬೆಕ್ಕಿಗೆ ಬೇಡ, ಫೀನಾಲ್ ಇರುವ ಕ್ಲೀನರ್‌ಗಳನ್ನು ಅದರ ಲಿವರ್ ಸರಿಯಾಗಿ ಅರಗಿಸಲಾರದು.

ನಮ್ಮ ಬಿಸಿಲು ಗೊತ್ತಲ್ಲ, 40 ಡಿಗ್ರಿಯಲ್ಲಿ ಬಾಯಾರಿದ ನಾಯಿ ಕಂಡದ್ದಕ್ಕೆಲ್ಲ ಬಾಯಿ ಹಾಕುತ್ತದೆ. ಅದಕ್ಕೇ ಪೇಂಟ್ ಕೆಲಸದ ದಿನ ಎರಡು ಕಡೆ ಜಾಸ್ತಿ ನೀರಿಡಿ. ಥಿನ್ನರನ್ನು ಹಳೇ ನೀರಿನ ಬಾಟಲಿಗೆ ಸುರಿದಿಡಬೇಡಿ. ಸಂಜೆ ಪೇಂಟರ್ ಹೊರಡುವ ಮುಂಚೆ, ಬ್ರಷ್ ನೆನೆಸಿದ ಡಬ್ಬಿ ಎಲ್ಲಿಟ್ಟಿರಿ ಅಣ್ಣಾ ಎಂದು ಕೇಳಿ, ಮುಚ್ಚಳ ಹಾಕಿ ಕಪಾಟಿನಲ್ಲಿಡಿ.