ಮೊದಲು ಕಂಬಳಿ, ಆಮೇಲೆ ಟಿವಿ

ಪಾವಗಡ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರು. ತಿರುಮಣಿಯ ಸೋಲಾರ್ ಪಾರ್ಕು ನಮಗೆ ದೂರವೇನಲ್ಲ. ಅಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟ್ ಕರೆಂಟು ಹುಟ್ಟುತ್ತದೆ. ನಮ್ಮ ಏಳನೇ ಕ್ಲಾಸಿನಲ್ಲಿ ಮಧ್ಯಾಹ್ನ ಊಟದ ಗಂಟೆ ಮುಗಿಯುವಷ್ಟರಲ್ಲಿ ಕರೆಂಟು ಹೋಗಿರುತ್ತದೆ. ದಾನಿಯೊಬ್ಬರು ಕೊಟ್ಟ ದೊಡ್ಡ ಟಿವಿ ಎರಡು ವರ್ಷ ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಗೋಡೆಯ ಮೇಲಿತ್ತು.

ಆದರೆ ನನ್ನ ತಲೆನೋವು ಟಿವಿಯದಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮೂರಿನವರು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ, ಮಕ್ಕಳನ್ನೂ ಕರೆದುಕೊಂಡು. ತಿಂಗಳು ಒಂದೂವರೆ ತಿಂಗಳು ಬಿಟ್ಟು ಬರುವ ಮಗುವಿಗೆ ಭಿನ್ನರಾಶಿ ಎಲ್ಲಿ ಬಿಟ್ಟಿದ್ದೆವೆಂಬುದೇ ಗೊತ್ತಿರುವುದಿಲ್ಲ. ಹೈಬ್ರಿಡ್ ಕಲಿಕೆ ಅಂದರೆ ದೊಡ್ಡ ಊರುಗಳಲ್ಲಿ ಅರ್ಧ ಮಕ್ಕಳು ಕ್ಲಾಸಿನಲ್ಲಿ, ಅರ್ಧ ಮಕ್ಕಳು ಮನೆಯಿಂದ ನೇರವಾಗಿ. ನಮಗೆ ನೇರಪ್ರಸಾರ ದಂಡ. ಹಗಲೆಲ್ಲ ಫೋನು ಅಪ್ಪನ ಜೇಬಿನಲ್ಲಿರುತ್ತದೆ. ರಾತ್ರಿ ಎಂಟಕ್ಕೆ ತಗಡಿನ ಶೆಡ್ಡಿನಲ್ಲಿ ಕೂತು ಕೇಳುವಂಥ ಪಾಠ ಬೇಕು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಎಂಬ ಸರ್ಕಾರಿ ಆ್ಯಪಿನಲ್ಲಿ ವಿಡಿಯೊ ಸಿಗುತ್ತದೆ, ನಿಜ. ಆದರೆ ತಮ್ಮ ಮೇಷ್ಟ್ರ ದನಿ, ತಮ್ಮ ಕ್ಲಾಸಿನ ಬೋರ್ಡು ಅಂದರೆ ಮಕ್ಕಳು ಕೇಳುವ ರೀತಿಯೇ ಬೇರೆ.

ಮೊದಲ ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಬಾವಿಯೊಳಗಿಂದ ಯಾರೋ ಕೂಗಿದ ಹಾಗಿತ್ತು. ಇಪ್ಪತ್ತು ಅಡಿಗೆ ಮೂವತ್ತು ಅಡಿ ಕೋಣೆ, ಮೇಲೆ ಆರ್‌ಸಿಸಿ, ಸುತ್ತ ನುಣ್ಣನೆ ಗಾರೆ, ಕೆಳಗೆ ಸಿಮೆಂಟು. ಆಡಿದ ಮಾತು ಹೀರಿಕೊಳ್ಳಲು ಒಂದು ಬಟ್ಟೆಚೂರೂ ಇಲ್ಲ. ಆಗ ನೆನಪಾದದ್ದು ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುವ 2020ರ ವಿದ್ಯಾಗಮ ಯೋಜನೆ. ಕೊರೊನಾ ಕಾಲದಲ್ಲಿ ಹುಣಸೆಮರದ ಕೆಳಗೆ ಪಾಠ ಮಾಡುವಾಗ ಕೊನೆಯ ಹುಡುಗನಿಗೂ ನನ್ನ ಮಾತು ತಿಳಿಯುತ್ತಿತ್ತು. ಅಲ್ಲಿ ದನಿಯನ್ನು ವಾಪಸು ಎಸೆಯುವ ಗೋಡೆ ಇರಲಿಲ್ಲ.

ಮೊಟ್ಟೆಯ ಟ್ರೇ ಅಂಟಿಸಿದರೆ ಪ್ರತಿಧ್ವನಿ ಹೋಗುತ್ತದೆ ಎಂದು ಯಾರೋ ಹೇಳಿದರು. ಬಿಸಿಯೂಟದ ಮೊಟ್ಟೆಯ ಟ್ರೇಗಳು ರಾಶಿ ಬಿದ್ದಿದ್ದವು, ಮಕ್ಕಳ ಕೈಲಿ ಒಂದು ಗೋಡೆ ಪೂರ್ತಿ ಅಂಟಿಸಿದೆ. ದನಿ ಎಳ್ಳಷ್ಟೇ ಸುಧಾರಿಸಿತು. ಹಲ್ಲಿಗಳಿಗೆ ಮಾತ್ರ ಒಳ್ಳೆಯ ವಸತಿಯಾಯಿತು. ತೆಳ್ಳನೆಯ ರಟ್ಟು ಶಬ್ದವನ್ನು ಅಷ್ಟಾಗಿ ಹೀರುವುದಿಲ್ಲ. ದಪ್ಪ ಇರಬೇಕು, ನಾರು ಇರಬೇಕು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಹಿರಿಯರೊಬ್ಬರು ಕುರಿ ಸಾಕುವವರು. "ಮೇಷ್ಟ್ರೇ, ಹಳೇ ಕಂಬಳಿ ಅಟ್ಟದ ಮೇಲೆ ಬಿದ್ದೈತೆ, ಆಗ್ತದಾ ನೋಡಿ" ಅಂದರು. ಊರೆಲ್ಲ ಸುತ್ತಿ ಒಂಬತ್ತು ಕಂಬಳಿ ಕೂಡಿಸಿದೆವು. ಹಿಂದಿನ ಗೋಡೆಗೆ ಒತ್ತಿ ಹೊಡೆಯದೆ, ಬಿದಿರ ಗಳಕ್ಕೆ ಸಿಕ್ಕಿಸಿ ನಾಲ್ಕು ಇಂಚು ಮುಂದೆ ತೂಗಿಬಿಟ್ಟೆವು. ಆ ಸಂದು ಮುಖ್ಯ. ಗೋಡೆಗೆ ತಾಗಿದ ಕಂಬಳಿ ಅಷ್ಟು ಕೆಲಸ ಮಾಡುವುದಿಲ್ಲ. ಕೋಣೆಯ ನಡುವೆ ನಿಂತು ಚಪ್ಪಾಳೆ ತಟ್ಟಿದರೆ ಮೊದಲು "ಟಣ್‌ಣ್‌ಣ್" ಅನ್ನುತ್ತಿದ್ದದ್ದು ಈಗ "ಟಪ್" ಅಂತ ನಿಲ್ಲುತ್ತದೆ. ಜೊತೆಗೆ ಅಂಗಿಗೆ ಸಿಕ್ಕಿಸುವ ಒಂದು ಅಗ್ಗದ ಮೈಕು ತಂದೆ. ಮಳೆಗಾಲದಲ್ಲಿ ಕೋಣೆ ಕುರಿಹಟ್ಟಿಯ ವಾಸನೆ ಹೊಡೆಯುತ್ತದೆ, ಅದನ್ನು ಸಹಿಸಿಕೊಳ್ಳಬೇಕು. ವರ್ಷಕ್ಕೆರಡು ಸಲ ಬಿಸಿಲಿಗೆ ಹಾಕಿ ಕೊಡವದಿದ್ದರೆ ನುಸಿ ಹತ್ತುತ್ತದೆ.

ವಿಡಿಯೊ ಬಿಟ್ಟೆ. ಹತ್ತು ನಿಮಿಷದ ದನಿ ಮತ್ತು ಬೋರ್ಡಿನ ನಾಲ್ಕು ಫೋಟೊ, ಅಷ್ಟೇ. ವಾಟ್ಸಾಪಿನಲ್ಲಿ ಸಲೀಸಾಗಿ ಹೋಗುತ್ತದೆ, ಅಪ್ಪನ ಡೇಟಾ ಉಳಿಯುತ್ತದೆ.

ಫೋಟೊ ತೆಗೆಯಲು ಹೋದಾಗ ಬೆಳಕಿನ ತಪ್ಪು ಕಂಡಿತು. ಟಿವಿ, ಬೋರ್ಡು ಎರಡೂ ಕಿಟಕಿಗೆ ಎದುರಾಗಿದ್ದವು. ಪರದೆಯಲ್ಲಿ ಪಾಠಕ್ಕಿಂತ ಅಂಗಳವೇ ಚೆನ್ನಾಗಿ ಕಾಣುತ್ತಿತ್ತು. ಎರಡನ್ನೂ ಪಕ್ಕದ ಗೋಡೆಗೆ ಸಾಗಿಸಿ, ಕಿಟಕಿ ಮಕ್ಕಳ ಎಡಗಡೆ ಬರುವಂತೆ ಕೂರಿಸಿದೆವು. ಬಲಗೈಯಲ್ಲಿ ಬರೆಯುವವರ ಕೈನೆರಳು ಪುಸ್ತಕದ ಮೇಲೆ ಬೀಳುವುದಿಲ್ಲ. ಹಳೆಯ ಕಾಲದ ಶಾಲೆ ಕಟ್ಟುವವರಿಗೆ ಗೊತ್ತಿದ್ದ ವಿಷಯವೇ ಇದು.

ಸೆಖೆಗೆ ಸುಣ್ಣ. ಬಿಳಿ ಸಿಮೆಂಟು, ಫೆವಿಕಾಲ್ ಬೆರೆಸಿ ಸ್ಲ್ಯಾಬಿನ ಮೇಲೆ ಎರಡು ಸಲ ಬಳಿದೆವು. ಮಾರ್ಚಿನ ಮಧ್ಯಾಹ್ನ ಪಕ್ಕದ ಕೋಣೆ 37 ಡಿಗ್ರಿ ತೋರಿಸಿದಾಗ ನಮ್ಮದು 34. ಪ್ರತಿ ವರ್ಷ ಮತ್ತೆ ಬಳಿಯಬೇಕು, ಧೂಳು ಕೂತರೆ ಬಿಳುಪಿನ ಗುಣ ಹೋಯಿತು. ಹೊಸದಾಗಿ ಬಳಿದ ಮಾಳಿಗೆಯಿಂದ ಹರಿದ ಮಳೆನೀರು ಕುಡಿಯಲು ಬೇಡ. ನಮ್ಮದು ಪೀಪಾಯಿಗೆ ಹೋಗಿ ಗಿಡಕ್ಕೆ, ಕೈ ತೊಳೆಯಲು ಆಗುತ್ತದೆ.

ಕೊನೆಗೆ ಸೋಲಾರ್. ಲೆಕ್ಕ ಹಾಕಿದೆ: ಟಿವಿ ಸುಮಾರು 100 ವಾಟ್, ಕಡಿಮೆ ಕರೆಂಟು ಎಳೆಯುವ ಬಿಎಲ್‌ಡಿಸಿ ಫ್ಯಾನು ಎರಡಕ್ಕೆ 60, ನಾಲ್ಕು ಎಲ್‌ಇಡಿ ಟ್ಯೂಬಿಗೆ 80. ಐದು ಗಂಟೆ ಓಡಿಸಿದರೆ 1.2 ಯೂನಿಟ್. ಹಳೆಯ ಫ್ಯಾನು ಒಂದೊಂದೂ 75 ವಾಟ್ ಎಳೆಯುತ್ತಿತ್ತು, ಅವನ್ನೇ ಇಟ್ಟುಕೊಂಡಿದ್ದರೆ ಬ್ಯಾಟರಿ ಇನ್ನೂ ದೊಡ್ಡದು ಬೇಕಿತ್ತು. 500 ವಾಟಿನ ಫಲಕ ನಮ್ಮ ಬಿಸಿಲಿಗೆ ದಿನಕ್ಕೆ ಹತ್ತಿರ ಹತ್ತಿರ ಎರಡು ಯೂನಿಟ್ ಕೊಡಬೇಕು. ಕೊಡಲಿಲ್ಲ. ಕೂರಿಸಲು ಬಂದವರು ವೈರು ಉಳಿಸಲು ಬೇವಿನ ಮರದ ಪಕ್ಕದಲ್ಲೇ ಕೂರಿಸಿದ್ದರು. ಮಧ್ಯಾಹ್ನ ಮೂರರ ಮೇಲೆ ಒಂದು ಕೊಂಬೆಯ ನೆರಳು ಮೂಲೆಗೆ ಬೀಳುತ್ತಿತ್ತು. ಮೂಲೆಗೆ ಬಿದ್ದ ನೆರಳು ಮೂಲೆಯಷ್ಟನ್ನೇ ತಿನ್ನುವುದಿಲ್ಲ; ಫಲಕದ ಬಿಲ್ಲೆಗಳು (ಸೆಲ್) ಸರಪಣಿಯಂತೆ ಕೂಡಿರುವುದರಿಂದ ಆ ಸಾಲೇ ಸೊರಗುತ್ತದೆ. ಕೊಂಬೆ ಕಡಿಯೋಣ ಅಂದರು. ಪಡುವಣ ಗೋಡೆಗೆ ನೆರಳು ಕೊಡುವುದೇ ಆ ಬೇವು, ಕಡಿದರೆ ಸುಣ್ಣ ಬಳಿದದ್ದೆಲ್ಲ ವ್ಯರ್ಥ. ಜಗಳ ಮಾಡಿ, ಹದಿನೆಂಟು ಮೀಟರ್ ವೈರು ನಾನೇ ತಂದುಕೊಟ್ಟು ಫಲಕವನ್ನು ಮೂಡಣ ಮೂಲೆಗೆ ಸಾಗಿಸಿದೆ.

ಈ ವರ್ಷ ನಮಗೆ ಹೊಸ ಕೋಣೆ ಮಂಜೂರಾಯಿತು. ಕಿಟಕಿಗಳನ್ನು ಎಡಕ್ಕೆ ಕೊಡಿ, ಬಿಸಿಗಾಳಿ ಹೋಗಲು ಸೂರಿನಡಿ ವೆಂಟಿಲೇಟರ್ ಇಡಿ ಎಂದು ಎಂಜಿನಿಯರರ ಹಿಂದೆ ಬಿದ್ದೆ. "ಎಸ್ಟಿಮೇಟ್ ಆಗೋಗಿದೆ ಸಾರ್" ಅಂದರು. ವೆಂಟಿಲೇಟರ್ ಇಟ್ಟರು, ಎರಡು ಕಿಟಕಿ ಎಡಕ್ಕೆ ಬಂದವು. ಮೂರನೆಯದು ನಕ್ಷೆಯಲ್ಲಿದ್ದಂತೆ ಬೋರ್ಡಿನ ಎದುರಿಗೇ ಕೂತಿದೆ. ಅದಕ್ಕೂ ಒಂದು ಕಂಬಳಿ ಹುಡುಕುತ್ತಿದ್ದೇನೆ.