ಹಸು ಸೌಖ್ಯವಾಗಿದೆಯೇ? ಮಲೆನಾಡಿನ ಕೊಟ್ಟಿಗೆಯಲ್ಲಿ ನೋಡಿ ಅಳೆಯುವ ಬಗೆ

‘ಪ್ರಾಣಿ ಕಲ್ಯಾಣ’ ಎಂಬ ಮಾತಿನಲ್ಲೇ ಒಂದು ತೊಡಕಿದೆ. ಕಲ್ಯಾಣ ಎಂದೊಡನೆ ಮಂಟಪ ನೆನಪಾಗುತ್ತದೆ, ಇಲ್ಲವೇ ಏನನ್ನಾದರೂ ಹಂಚುವ ಇಲಾಖೆ. ಹಾಗಾಗಿ ಹಸುವಿನ ಕಲ್ಯಾಣ ಹೇಗಿದೆ ಎಂದು ಕೇಳಿದರೆ ಉತ್ತರವೂ ಕೊಟ್ಟದ್ದರ ಪಟ್ಟಿಯೇ ಆಗಿರುತ್ತದೆ: ಸಿಮೆಂಟ್ ನೆಲ ಹಾಕಿಸಿದ್ದೇವೆ, ಫ್ಯಾನ್ ಇದೆ, ಎರಡು ಹೊತ್ತು ಹಿಂಡಿ ಇಡುತ್ತೇವೆ. ಮನೆಗೆ ಬಂದ ನೆಂಟರನ್ನು ‘ಸೌಖ್ಯವಾ?’ ಎಂದು ಕೇಳುತ್ತೇವಲ್ಲ, ಕೇಳಬೇಕಾದ ಪ್ರಶ್ನೆ ಅದು. ನೆಂಟರು ಬಾಯಿಬಿಟ್ಟು ಹೇಳುತ್ತಾರೆ. ಹಸು ಮೈಯಲ್ಲಿ, ನಡಿಗೆಯಲ್ಲಿ, ಮಲಗಿ ಏಳುವ ರೀತಿಯಲ್ಲಿ ಹೇಳುತ್ತದೆ. ಫ್ಯಾನ್ ಇದೆಯೇ ಎಂದು ನೋಡುವುದು ಸೌಕರ್ಯದ ಅಳತೆ. ಹಸು ಏದುತ್ತಿದೆಯೇ ಎಂದು ನೋಡುವುದು ಸೌಖ್ಯದ ಅಳತೆ. ಎರಡೂ ಬೇಕು, ಆದರೆ ಒಂದಕ್ಕೊಂದು ಹೊಂದದಿದ್ದಾಗ ಹಸುವಿನ ಮಾತೇ ಮೇಲು.

ಈ ವಿಚಾರಕ್ಕೆ ಒಂದು ಚೌಕಟ್ಟು ಸಿಕ್ಕಿದ್ದು 1965ರಲ್ಲಿ, ಬ್ರಿಟನ್ನಿನ ಬ್ರಾಂಬೆಲ್ ಸಮಿತಿಯ ವರದಿಯಿಂದ. ಸಾಕುಪ್ರಾಣಿಗೆ ಕನಿಷ್ಠ ಏಳಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕಾಲು ಚಾಚಲು ಜಾಗವಿರಬೇಕು ಎಂದಿತು ಅದು. 1979ರ ಹೊತ್ತಿಗೆ ಇದೇ ‘ಐದು ಸ್ವಾತಂತ್ರ್ಯ’ಗಳಾಗಿ ಬೆಳೆಯಿತು: ಹಸಿವು ಬಾಯಾರಿಕೆ ಇಲ್ಲದಿರುವುದು, ಇರುವ ಜಾಗದಲ್ಲಿ ಹಿಂಸೆಯಾಗದಿರುವುದು, ನೋವು ಗಾಯ ರೋಗವಿಲ್ಲದಿರುವುದು, ಭಯ ಸಂಕಟವಿಲ್ಲದಿರುವುದು, ತನ್ನ ಜಾತಿಗೆ ಸಹಜವಾದಂತೆ ಬದುಕಲು ಅವಕಾಶವಿರುವುದು. ನಮ್ಮ ಸುಪ್ರೀಂ ಕೋರ್ಟು 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಈ ಐದನ್ನೂ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಜೊತೆಗಿಟ್ಟು ಓದಿದೆ. ಆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ, ತೀರಾ ಗಿಡ್ಡ ಹಗ್ಗದಲ್ಲೋ ಭಾರದ ಸರಪಳಿಯಲ್ಲೋ ಹೆಚ್ಚು ಹೊತ್ತು ಕಟ್ಟಿಹಾಕುವುದೂ ಹಿಂಸೆಯೇ ಎಂದಿದೆ. ಕೊಟ್ಟಿಗೆಯಲ್ಲಿ ಹಸು ಕಟ್ಟುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ!

ಯಾವಾಗ, ಏನಿಟ್ಟುಕೊಂಡು

ವರ್ಷಕ್ಕೆ ಕನಿಷ್ಠ ಎರಡು ಸಲ ನೋಡಿ: ಆಷಾಢದ ಜಡಿಮಳೆಯಲ್ಲಿ ಒಮ್ಮೆ, ಬೇಸಿಗೆಯ ಕೊನೆಯಲ್ಲಿ ಒಮ್ಮೆ. ದೀಪಾವಳಿ ಕಳೆದ ಮೇಲೆ ನೋಡಿದರೆ ಮಲೆನಾಡಿನ ಎಲ್ಲ ಹಸುವೂ ಚೆನ್ನಾಗಿಯೇ ಕಾಣುತ್ತದೆ. ಹೊತ್ತು ಬೆಳಗಿನದೇ ಆಗಬೇಕು, ಸಗಣಿ ಬಾಚುವ ಮೊದಲು. ಕೊಟ್ಟಿಗೆ ತೊಳೆದು ಹಸುವಿನ ಮೈ ಉಜ್ಜಿ ನಿಲ್ಲಿಸಿದರೆ ರಾತ್ರಿ ಹೇಗೆ ಮಲಗಿತ್ತು ಎಂಬ ಸಾಕ್ಷಿಯೆಲ್ಲ ಚರಂಡಿ ಪಾಲು. ಬೇಕಾದ ಸಾಮಾನು: ಅಳತೆ ಟೇಪು, ಸೆಕೆಂಡು ಕಾಣುವ ಗಡಿಯಾರ, ಟಾರ್ಚು, ಥರ್ಮಾಮೀಟರು, ಒಂದು ನೋಟ್‌ಬುಕ್. ನಾಲ್ಕೈದು ಹಸುವಿನ ಮನೆಗೆ ಒಂದು ಗಂಟೆ ಸಾಕು.

ಮೊದಲ ಹತ್ತು ನಿಮಿಷ ಒಳಗೆ ಹೋಗಬೇಡಿ. ಬಾಗಿಲಾಚೆ ನಿಂತು ಎಷ್ಟು ಮಲಗಿವೆ, ಎಷ್ಟು ಮೆಲುಕು ಹಾಕುತ್ತಿವೆ ಎಣಿಸಿ. ಮೇವು ತಿಂದು ಒಂದೆರಡು ಗಂಟೆಯಾದ ಹಸು ಮಲಗಿ ಮೆಲುಕು ಹಾಕುತ್ತಿರಬೇಕು. ಒಂದು ಉಂಡೆಗೆ 40ರಿಂದ 70 ಸಲ ಅಗಿಯುವುದು ವಾಡಿಕೆ. ಹೊಟ್ಟೆ ತುಂಬಿದ್ದರೂ ಸುಮ್ಮನೆ ನಿಂತೇ ಇರುವ ಹಸುವಿಗೆ ಮಲಗಲು ಏನೋ ಅಡ್ಡಿಯಿದೆ. ದಿನಕ್ಕೆ 10ರಿಂದ 12 ಗಂಟೆ ಮಲಗಬೇಕಾದ ಪ್ರಾಣಿ ಅದು.

ಮಲಗುವುದು, ಏಳುವುದು

ಇಡೀ ಪರೀಕ್ಷೆಯಲ್ಲಿ ಒಂದನ್ನೇ ನೋಡಲು ಬಿಡುವಿದ್ದರೆ ಇದನ್ನು ನೋಡಿ. ಹಸು ಏಳುವಾಗ ಮೊದಲು ಮೊಣಕಾಲ ಮೇಲೆ ಬರುತ್ತದೆ, ತಲೆಯನ್ನು ಮುಂದಕ್ಕೆ ಜೋರಾಗಿ ಚಾಚುತ್ತದೆ, ಆ ತೂಗಿನಲ್ಲಿ ಹಿಂಭಾಗ ಮೇಲೇಳುತ್ತದೆ, ಆಮೇಲೆ ಮುಂಗಾಲು. ಮಿಶ್ರತಳಿಯ ದೊಡ್ಡ ಹಸುವಿಗೆ ಮೂತಿಯ ಮುಂದೆ ಇದಕ್ಕೆಂದೇ ಮುಕ್ಕಾಲು ಮೀಟರಾದರೂ ಖಾಲಿ ಬೇಕು. ನಮ್ಮ ಹಳೆಯ ಕೊಟ್ಟಿಗೆಗಳು ಮಲೆನಾಡು ಗಿಡ್ಡ ಎಂಬ ಇಲ್ಲಿನ ಸಣ್ಣ ನಾಟಿ ತಳಿಯ ಮೈಗೆ ಕಟ್ಟಿದವು. ಅದೇ ಗೂಟಕ್ಕೆ, ಅದೇ ಗೋದಲಿಗೆ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ತಂದು ಕಟ್ಟಿದಾಗ ಮುಂದೆ ಗೋದಲಿಯ ಗೋಡೆ, ಮೇಲೆ ಗಿಡ್ಡ ಕಣ್ಣಿ. ತಲೆ ಚಾಚಲಾಗದ ಹಸು ಮೊದಲು ಮುಂಗಾಲು ಎತ್ತಿ, ಕುದುರೆಯ ಹಾಗೆ ಏಳುತ್ತದೆ. ಇಲ್ಲವೇ ನಡುವೆ ನಾಯಿಯಂತೆ ಕುಂಡೆಯೂರಿ ಕೂತುಬಿಡುತ್ತದೆ. ಇದು ಕಂಡರೆ ದೋಷ ಹಸುವಿನದಲ್ಲ, ಹಗ್ಗದ್ದು ಮತ್ತು ಗೋಡೆಯದು. ಕಣ್ಣಿಯನ್ನು, ಮಲಗಿದ ಹಸು ತಲೆ ತಿರುಗಿಸಿ ಪಕ್ಕೆಯ ಮೇಲಿಡುವಷ್ಟು ಉದ್ದ ಬಿಡಿ. ಹೆಚ್ಚಾದರೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಹಾಗಾಗಿ ಬಿಟ್ಟ ದಿನ ನಿಂತು ನೋಡಿ.

ಮಲಗುವುದಕ್ಕೂ ಹೊತ್ತು ಹಿಡಿಯಿರಿ. ಮೊದಲ ಮೊಣಕಾಲು ಮಡಚಿದಲ್ಲಿಂದ ಮೈ ಪೂರ್ತಿ ನೆಲ ತಾಗಿ ಮುಂಗಾಲು ಹೊರಬರುವವರೆಗೆ 5 ಸೆಕೆಂಡಿನೊಳಗಾದರೆ ಸರಿ. 6 ಸೆಕೆಂಡು ದಾಟಿತೆಂದರೆ ನೆಲ ಗಟ್ಟಿ, ಜಾರು, ಇಲ್ಲವೇ ಕಾಲು ನೋವು.

ನೆಲ ಹೇಗಿದೆ ಎಂದು ತಿಳಿಯಲು ನೀವೇ ಮೊಣಕಾಲೂರಿ 25 ಸೆಕೆಂಡು ಕೂರಿ. ಮಂಡಿ ನೊಂದರೆ ಹಸುವಿಗೂ ನೋವು. ಪಂಚೆ ಒದ್ದೆಯಾದರೆ ಕೆಚ್ಚಲೂ ಒದ್ದೆ. ಸೊಪ್ಪು ಹಾಸುವ ಕೊಟ್ಟಿಗೆಯಲ್ಲಿ ಮೊದಲನೆಯದು ಬಾಧಿಸದು, ಎರಡನೆಯದು ಬಾಧಿಸುತ್ತದೆ, ಸಿಮೆಂಟಿನಲ್ಲಿ ತದ್ವಿರುದ್ಧ. ಮಳೆಗಾಲದಲ್ಲಿ ಹಸಿ ಸೊಪ್ಪಿನ ಮೇಲೆ ಹಸಿ ಸೊಪ್ಪು ಹಾಕುತ್ತಾ ಹೋದರೆ ಗೊಬ್ಬರವೇನೋ ಒಳ್ಳೆಯದಾಗುತ್ತದೆ, ಗೊರಸು ಕೊಳೆಯುತ್ತದೆ. ಬೇಸಿಗೆಯಲ್ಲೇ ಒಟ್ಟಿಟ್ಟ ದರಗು (ಒಣ ಎಲೆ) ಅಥವಾ ಕರಡವನ್ನು (ಒಣ ಹುಲ್ಲು) ಮೇಲೊಂದು ಪದರ ಹಾಕಿದರೆ ತೇವ ಕಡಿಮೆ. ಸಿಮೆಂಟ್ ನೆಲಕ್ಕೆ ಮೀಟರಿಗೆ 2 ಸೆಂ.ಮೀ. ಇಳಿಜಾರಿರಲಿ. ಅದಿಲ್ಲದೆ ರಬ್ಬರ್ ಮ್ಯಾಟ್ ಹಾಸಿದರೆ ಗಂಜಲ ಅಡಿಯಲ್ಲೇ ನಿಂತು ನಾರುತ್ತದೆ. ಗಾಳಿಯನ್ನೂ ಅಲ್ಲೇ ಕೂತು ನೋಡಿ, ಹಸು ಮಲಗಿದಾಗ ಮೂಗಿರುವ ಎತ್ತರದಲ್ಲಿ. ಕಣ್ಣು ಉರಿದರೆ ಗಾಳಿ ಸಾಲದು. ಇರಿಚಲು ತಡೆಯಲೆಂದು ತಟ್ಟಿ, ಪ್ಲಾಸ್ಟಿಕ್ ಕಟ್ಟಿದಾಗ ಮೇಲುಗಡೆ ಒಂದಡಿಯಾದರೂ ತೆರೆದಿಡಬೇಕು. ಅಲ್ಲಿ ಎಡವುವವರೇ ಹೆಚ್ಚು.

ಮೈಯನ್ನು ಕೈಯಿಂದ ಓದುವುದು

ಮೈಕಟ್ಟಿಗೆ 1ರಿಂದ 5ರ ಅಂಕ. ಕೊನೆಯ ಪಕ್ಕೆಲುಬಿಗೂ ಸೊಂಟದ ಗುಬ್ಬಿ ಮೂಳೆಗೂ ನಡುವೆ, ಬೆನ್ನಿನಿಂದ ಅಡ್ಡಕ್ಕೆ ಚಾಚಿದ ಗಿಡ್ಡ ಎಲುಬುಗಳಿವೆ. ಅಂಗೈ ಅಲ್ಲಿಡಿ. ತುದಿಗಳು ಚೂಪಾಗಿ, ನಡುವೆ ಬೆರಳು ಇಳಿಯುವಂತಿದ್ದರೆ 1. ಒತ್ತದೆಯೇ ಒಂದೊಂದೂ ಸಿಕ್ಕಿದರೆ 2. ತುಸು ಒತ್ತಿದಾಗ ಸಿಕ್ಕಿದರೆ 3. ಜೋರಾಗಿ ಒತ್ತಬೇಕಾದರೆ 4. ಸಿಗಲೇ ಇಲ್ಲವೆಂದರೆ 5. ಬಾಲದ ಬುಡದ ಎರಡು ಬದಿಯ ಗುಳಿ ನೋಡಿ ಖಚಿತ ಮಾಡಿಕೊಳ್ಳಿ. ಮಿಶ್ರತಳಿ ಹಸು ಕರು ಹಾಕುವಾಗ 3ರಿಂದ 3.5ರಲ್ಲಿರಬೇಕು, ನಂತರದ ಎರಡು ತಿಂಗಳಲ್ಲಿ ಅರ್ಧ ಅಂಕಕ್ಕಿಂತ ಹೆಚ್ಚು ಇಳಿಯಬಾರದು. ಕಣ್ಣಳತೆಯಲ್ಲಿ ಮಾತ್ರ ಅಂಕ ಕೊಡಬೇಡಿ. ಮಳೆಗಾಲದ ಒರಟು ಕೂದಲು ಅರ್ಧ ಅಂಕ ಮುಚ್ಚಿಡುತ್ತದೆ, ಹುಲ್ಲು ತುಂಬಿದ ದೊಡ್ಡ ಹೊಟ್ಟೆ ಇನ್ನರ್ಧ. ಗಿಡ್ಡ ಹುಟ್ಟಿನಿಂದಲೇ ಒಣಕಲು ಮೈಯದು, 2.5 ಇದ್ದರೆ ಅದಕ್ಕೆ ಸಾಕು.

ಆಮೇಲೆ ಮಂಡಿ ಮತ್ತು ಹಿಂಗಾಲಿನ ಕೀಲು. ಒಂದು ರೂಪಾಯಿ ನಾಣ್ಯದಗಲ, ಅಂದರೆ 2 ಸೆಂ.ಮೀ. ಮೀರಿ ಕೂದಲು ಉದುರಿದ ಬೋಳು ಜಾಗ, ಹುಣ್ಣು, ಊತ ಎಲ್ಲವನ್ನೂ ಬೇರೆಬೇರೆ ಎಣಿಸಿ. ಕುತ್ತಿಗೆಯಲ್ಲಿ ಹಗ್ಗ ಕೊರೆದ ಗಾಯ, ಮೂಗುದಾರದ ತೂತು ನೋಡಿ. ತೊಡೆಯ ಮೇಲೆ ಒಣಗಿ ಹೊರಪೆಯಾದ ಸಗಣಿ ಅಂಗೈಗಿಂತ ದೊಡ್ಡದಿದ್ದರೆ ಬರೆಯಿರಿ.

ಉಣುಗನ್ನು ಕಿವಿಯೊಳಗೆ, ಗಂಗೆದೊಗಲಿನ ಮಡಿಕೆಯಲ್ಲಿ, ಬಾಲದಡಿ, ಕೆಚ್ಚಲು ತೊಡೆಯ ಸಂದಿಯಲ್ಲಿ ಟಾರ್ಚು ಹಿಡಿದು ಹುಡುಕಿ. ಒಂದು ಮಗ್ಗುಲಲ್ಲಿ ರಕ್ತ ಕುಡಿದು ಉಬ್ಬಿದವನ್ನು ಎಣಿಸಿ ಎರಡರಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ. ಬರಿಗೈಯಲ್ಲಿ ಹಿಸುಕಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಬದಿಯಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ, ಮತ್ತು ಆ ಉಣುಗು ಮೇಯಲು ಹೋದ ದನದ ಮೈಯಲ್ಲಿ ಮನೆವರೆಗೆ ಬರಬಲ್ಲದು. ಗೊರಸಿನ ಸಂದಿಯಲ್ಲಿ, ಮೊಲೆಯಲ್ಲಿ ಉಂಬಳ ಕಚ್ಚಿದ ಗಾಯವಿದೆಯೇ ಎಂಬುದನ್ನೂ ಇದರ ಜೊತೆಗೇ ನೋಡಿಬಿಡಿ.

ನಡಿಗೆಗೆ ಅಡಿಕೆ ಒಣಗಿಸುವ ಅಂಗಳದಂಥ ಸಮತಟ್ಟು ಜಾಗ ಬೇಕು. ಹತ್ತು ಹೆಜ್ಜೆ ನಡೆಸಿ, ಪಕ್ಕದಿಂದ ಬೆನ್ನು ನೋಡಿ. ನಿಂತಾಗಲೂ ನಡೆದಾಗಲೂ ಬೆನ್ನು ನೆಟ್ಟಗಿದ್ದರೆ 1. ನಡೆದಾಗ ಮಾತ್ರ ಬಾಗಿದರೆ 2. ನಿಂತಾಗಲೂ ಬಾಗಿದ್ದರೆ 3. ಒಂದು ಕಾಲನ್ನು ಎದ್ದು ಕಾಣುವಂತೆ ಜೋಪಾನ ಮಾಡಿದರೆ 4. ಆ ಕಾಲು ಊರಲೊಲ್ಲದಿದ್ದರೆ 5. ಹಾವಸೆ ಕಟ್ಟಿದ ಅಂಗಳದಲ್ಲಿ ಈ ಪರೀಕ್ಷೆ ಮಾಡಬೇಡಿ; ಜಾರುವ ಭಯಕ್ಕೆ ಹಸು ಹೆಜ್ಜೆ ಚಿಕ್ಕದು ಮಾಡುತ್ತದೆ, ಗಟ್ಟಿ ಕಾಲಿನ ಹಸುವೂ ಕುಂಟನಂತೆ ಕಾಣುತ್ತದೆ. ಗೊರಸು ತಿಂಗಳಿಗೆ ಸುಮಾರು 5 ಮಿ.ಮೀ. ಮಾತ್ರ ಬೆಳೆಯುವುದರಿಂದ, ಅಂಗಾಲಿನಲ್ಲಿ ಇಂದು ಕಂಡ ರಕ್ತದ ಕಲೆಯ ಕಾರಣವನ್ನು ಸುಮಾರು ಎರಡು ತಿಂಗಳ ಹಿಂದೆ ಹುಡುಕಬೇಕು. ಮದುವೆ ಮನೆಯ ಉಳಿದ ಅನ್ನವನ್ನು ಬಕೆಟ್ಟುಗಟ್ಟಲೆ ಸುರಿದದ್ದು ನೆನಪಾದರೆ ಅದೂ ಒಂದು ಕಾರಣ: ಅನ್ನ ಹೊಟ್ಟೆಯಲ್ಲಿ ಹುಳಿಯೇರಿ ಅದರ ವಿಷ ಗೊರಸಿಗೆ ಇಳಿಯುತ್ತದೆ.

ನೀರು ಮತ್ತು ಭಯ

ಹತ್ತು ಲೀಟರು ಹಾಲು ಕೊಡುವ ಮಿಶ್ರತಳಿ ಹಸುವಿಗೆ ದಿನಕ್ಕೆ 50-60 ಲೀಟರು ನೀರು ಬೇಕು. ಅಕ್ಕಚ್ಚು (ಅಕ್ಕಿ ತೊಳೆದ ನೀರು) ಕೊಟ್ಟಿದ್ದೇವಲ್ಲ ಎಂಬುದು ಲೆಕ್ಕಕ್ಕೆ ಬಾರದು. ಅದನ್ನು ಹಸು ಕುಡಿಯುವುದು ಅದರಲ್ಲಿನ ರುಚಿಗೆ. ಮಧ್ಯಾಹ್ನ 15 ಲೀಟರಿನ ಬಕೆಟ್ಟಿನಲ್ಲಿ ಬರೀ ನೀರು ಇಡಿ. ಒಂದೇ ಉಸಿರಿಗೆ ಖಾಲಿ ಮಾಡಿ ಬಕೆಟ್ಟಿನ ತಳ ನೆಕ್ಕಿದರೆ ಅಷ್ಟು ಹೊತ್ತೂ ಬಾಯಾರಿತ್ತು.

ಭಯ ಅಳೆಯಲು ಹಸುವಿಗೆ ಗುರುತಿಲ್ಲದವರೊಬ್ಬರು ಬೇಕು. ದಿನಾ ಹಿಂಡಿ ಇಡುವ ಕೈ ಕಂಡರೆ ಎಲ್ಲ ಹಸುವೂ ಮೂತಿ ಚಾಚುತ್ತದೆ. ಗೋದಲಿಯೆದುರು 2 ಮೀಟರು ದೂರದಿಂದ, ಸೆಕೆಂಡಿಗೊಂದು ಹೆಜ್ಜೆಯಂತೆ, ಮುಂಗೈ ಮುಂದೆ ಮಾಡಿ, ಕಣ್ಣು ದಿಟ್ಟಿಸದೆ ಬನ್ನಿ. ಹಸು ತಲೆ ಹಿಂದೆಳೆದ ಕ್ಷಣದಲ್ಲಿ ಕೈಗೂ ಮೂತಿಗೂ ಎಷ್ಟು ಅಂತರ? ಮುಟ್ಟಲು ಬಿಟ್ಟರೆ ಉತ್ತಮ, ಅರ್ಧ ಮೀಟರಿನೊಳಗೆ ಪರವಾಗಿಲ್ಲ, ಒಂದು ಮೀಟರು ಮೀರಿದರೆ ಹಾಲು ಕರೆಯುವಾಗ, ಕಟ್ಟುವಾಗ ಯಾರು ಹೇಗೆ ನಡೆದುಕೊಳ್ಳುತ್ತಿದ್ದಾರೆ ಎಂದು ವಿಚಾರಿಸಿ. ಬೆಟ್ಟಕ್ಕೆ ಮೇಯಲು ಹೋಗುವ ಗಿಡ್ಡ ಸ್ವಭಾವತಃ ದೂರ ನಿಲ್ಲುತ್ತದೆ. ಅದನ್ನು ಪಕ್ಕದ ಜರ್ಸಿಗೆ ಹೋಲಿಸದೆ ಅದರದೇ ಕಳೆದ ವರ್ಷದ ಅಂಕಕ್ಕೆ ಹೋಲಿಸಿ.

ಬರೆದಿಡುವಾಗ

ಪ್ರತಿ ಹಸುವಿಗೆ ಒಂದು ಪುಟ. ಪ್ರತಿ ಅಂಶಕ್ಕೆ 0 ಸರಿ, 1 ಗಮನ ಬೇಕು, 2 ಕೂಡಲೇ ಆಗಬೇಕು. ಅಂಕಗಳನ್ನು ಕೂಡಬೇಡಿ, ಸರಾಸರಿ ತೆಗೆಯಬೇಡಿ. ಹೊಟ್ಟೆ, ನೀರು, ಗಾಳಿ ಎಲ್ಲ ಚೆನ್ನಾಗಿದ್ದು ಒಂದು ಕಾಲು ಊರಲಾಗದ ಹಸುವಿನ ಸರಾಸರಿ ಚೆನ್ನಾಗಿಯೇ ಬರುತ್ತದೆ, ನೋವಂತೂ ಸರಾಸರಿಯಾಗುವುದಿಲ್ಲ. ಮೇಯಲು ಬಿಟ್ಟ ದನದಲ್ಲಿ ಸಹಜ ಬದುಕಿನ ಅಂಕ ಚೆನ್ನಾಗಿದ್ದು ಗಾಯ, ಉಣುಗಿನದು ಕೆಟ್ಟಿರಬಹುದು. ಕಟ್ಟಿದ ಹಸುವಿನಲ್ಲಿ ತಿರುವು ಮುರುವು. ಯಾವುದು ಮೇಲೆಂದು ಪುಟ ತೀರ್ಮಾನಿಸುವುದಿಲ್ಲ, ಎಲ್ಲಿ ಕೈಹಚ್ಚಬೇಕೆಂದು ಮಾತ್ರ ತೋರಿಸುತ್ತದೆ.

ನೆಲ, ಹಗ್ಗ, ಗಾಳಿ ಸರಿಮಾಡಿದ ಮೇಲೆ ಆರು ವಾರ ಬಿಟ್ಟು ಅದೇ ಅಂಶಗಳನ್ನು ಮತ್ತೆ ನೋಡಿ. ಆದರೆ ಮೆಲುಕು ನಿಂತಿದ್ದರೆ, ಗುದದ್ವಾರದಲ್ಲಿಟ್ಟ ಥರ್ಮಾಮೀಟರು 39.5 ಡಿಗ್ರಿ ಸೆಲ್ಸಿಯಸ್ ಮೀರಿದ್ದರೆ, ನಡಿಗೆ 4 ಅಥವಾ 5 ಆಗಿದ್ದರೆ, ಇಲ್ಲವೇ ಮೊದಲ ಎರಡು ಹಿಂಡು ಹಾಲನ್ನು ಕಪ್ಪು ಬಟ್ಟೆಯ ಮೇಲೆ ಬಿಟ್ಟಾಗ ಹೆಪ್ಪು ಕಂಡರೆ ಆರು ವಾರದ ಮಾತಿಲ್ಲ. ಅದೇ ದಿನ ಪಶುವೈದ್ಯರನ್ನು ಕರೆಸಿ, ಅಥವಾ ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962 ಒತ್ತಿ, ಬರೆದ ಪುಟವನ್ನು ಅವರ ಕೈಗೆ ಕೊಡಿ.