ಹಳೆಯ ಮಿಯಾಟಾದ ಹಿಂದಿನ ಬ್ರೇಕ್ ದೊಡ್ಡದು ಮಾಡುವುದು ಹೇಗೆ?

ನಮ್ಮ ಕಡೆ ಮಜ್ದಾ ಅಂದರೆ ಮೊದಲು ನೆನಪಾಗುವುದು ಸ್ವರಾಜ್ ಮಜ್ದಾ ಮಿನಿ ಬಸ್ಸು. ಅದೇ ಜಪಾನಿನ ಮಜ್ದಾ 1989ರ ಫೆಬ್ರವರಿಯಲ್ಲಿ ಶಿಕಾಗೋ ಮೋಟಾರು ಪ್ರದರ್ಶನದಲ್ಲಿ ಎರಡೇ ಸೀಟಿನ, ಟಾಪು ಮಡಚುವ ಪುಟ್ಟ ಕಾರೊಂದನ್ನು ತೋರಿಸಿತು. ಅಮೆರಿಕದಲ್ಲಿ ಅದು ಮಿಯಾಟಾ, ಯುರೋಪಿನಲ್ಲಿ ಎಂಎಕ್ಸ್-5. ಒಂದು ಟನ್ನಿನ ಆಸುಪಾಸಿನ ತೂಕ, ಎಂಜಿನ್ ಮುಂದೆ, ತಿರುಗುವ ಶಕ್ತಿ ಹಿಂದಿನ ಚಕ್ರಕ್ಕೆ. ಸೆಕೆಂಡ್ ಹ್ಯಾಂಡಿನಲ್ಲಿ ಇಂಥ ಕಾರು ಕೊಂಡು ಶನಿವಾರ, ಭಾನುವಾರ ಅದರ ಕೆಳಗೇ ಮಲಗಿರುವ ಕನ್ನಡಿಗರು ಅಮೆರಿಕ, ಇಂಗ್ಲೆಂಡಿನಲ್ಲಿದ್ದರೆ ಈ ಲೇಖನ ಅವರಿಗೆ.

ಮೊದಲ 1.6 ಲೀಟರ್ ಕಾರುಗಳ ಡಿಸ್ಕ್, ಅಂದರೆ ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆಗಳು, ಚಿಕ್ಕವು. ಮುಂದೆ 235 ಮಿ.ಮೀ., ಹಿಂದೆ 231 ಮಿ.ಮೀ. 1994ರ ಮಾದರಿಗೆ 1.8 ಲೀಟರ್ ಎಂಜಿನ್ ಬಂದಾಗ ಡಿಸ್ಕೂ ದೊಡ್ಡದಾಯಿತು. ಮುಂದೆ ಸುಮಾರು 255, ಹಿಂದೆ 251. ಈ ದೊಡ್ಡ ಸಾಮಾನು ಹಳೆಯ ಕಾರಿಗೂ ಹೊಂದುತ್ತದೆ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬದಲಿಸಬೇಕಾಗಿಲ್ಲ. 1.8 ಲೀಟರ್ ಕಾರಿನ ಬ್ರಾಕೆಟ್ (ಕ್ಯಾಲಿಪರನ್ನು ಹಿಡಿದಿಡುವ ಚೌಕಟ್ಟು), ಡಿಸ್ಕ್, ಪ್ಯಾಡ್ ಇದ್ದರೆ ಸಾಕು. 14 ಇಂಚಿನ ಚಕ್ರವೂ ಹಾಗೇ ಕೂರುತ್ತದೆ.

ಆದರೆ ಒಂದು ಮಾತು. ಹಿಂದಿನದನ್ನು ಮಾತ್ರ ದೊಡ್ಡದು ಮಾಡಲು ಹೋಗಬೇಡಿ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಟಯರಿನ ಹಿಡಿತ ಕಡಿಮೆಯಾಗುತ್ತದೆ. ಆ ಹೊತ್ತಿನಲ್ಲಿ ಹಿಂದಿನ ಚಕ್ರ ಮೊದಲು ಜಾಮ್ ಆದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ. ಮಳೆಯಲ್ಲಿ, ತಿರುವಿನಲ್ಲಿ ಇದು ಜೀವಕ್ಕೇ ಅಪಾಯ. ಹಾಗಂತ ಮುಂದಿನದು ಮಾತ್ರ ಬದಲಿಸಿದರೆ ಹಿಂದಿನ ಬ್ರೇಕಿನ ಪಾಲಿನ ಕೆಲಸ ಕಡಿಮೆಯಾಗುತ್ತದೆ. ಅದಕ್ಕೇ ಮುಂದೆ, ಹಿಂದೆ ಎರಡನ್ನೂ ಒಂದೇ ಸಲ ಬದಲಿಸಿ. ಮುಂದಿನದು ಸುಲಭ. ತಲೆ ಉಪಯೋಗಿಸಬೇಕಾದದ್ದು ಹಿಂದೆ. ಯಾಕೆಂದರೆ ಹ್ಯಾಂಡ್ ಬ್ರೇಕ್ ಇರುವುದು ಅಲ್ಲೇ.

ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಅಡ್ಡ ಕೊಡಿ. ಹಿಂದಿನ ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ. ಆಮೇಲೆ ಜಾಕಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು ಚಕ್ರ ಕಳಚಿ. ಬರೀ ಜಾಕಿ ನಂಬಿ ಕಾರಿನ ಕೆಳಗೆ ಕೈ ಹಾಕಬೇಡಿ, ಐದು ನಿಮಿಷದ ಕೆಲಸಕ್ಕೂ ಬೇಡ. ಈಗ ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿ. ಲಿವರಿನ ಬುಡದಲ್ಲಿ ಕೇಬಲ್ ಬಿಗಿ ಮಾಡುವ ನಟ್ಟು ಇದೆ, ಅದನ್ನೂ ಸಡಿಲಿಸಿ.

ಇನ್ನು ಮುಖ್ಯವಾದ ಹಂತ. ಹೊಸಬರು ಸಾಮಾನ್ಯವಾಗಿ ಇಲ್ಲೇ ಕ್ಯಾಲಿಪರ್ ಹಾಳು ಮಾಡಿಕೊಳ್ಳುತ್ತಾರೆ. ಕ್ಯಾಲಿಪರಿನೊಳಗೆ ಪ್ಯಾಡನ್ನು ತಳ್ಳುವುದು ಪಿಸ್ಟನ್. ಮುಂದಿನ ಪಿಸ್ಟನ್ನನ್ನು ಕ್ಲ್ಯಾಂಪ್ ಹಾಕಿ ಒಳಗೆ ಒತ್ತಬಹುದು. ಹಿಂದಿನದನ್ನು ಒತ್ತಬಾರದು, ಅದು ಒಳಗೆ ಹ್ಯಾಂಡ್ ಬ್ರೇಕಿನ ಸ್ಕ್ರೂಗೆ ಸೇರಿಕೊಂಡಿರುತ್ತದೆ. ಕ್ಯಾಲಿಪರಿನ ಬೆನ್ನಿಗೆ ಟಾರ್ಚ್ ಹಿಡಿದು ನೋಡಿ. ಮಣ್ಣು, ತುಕ್ಕು ಕವಿದ ಒಂದು 14 ಮಿ.ಮೀ. ಬೋಲ್ಟು ಕಾಣುತ್ತದೆ. ಏನನ್ನೋ ಬಿಗಿಹಿಡಿದ ಹಾಗೆ ಕಂಡರೂ ಅದು ಬರೀ ಮುಚ್ಚಳ. ಸುತ್ತ ಬ್ರಷ್ಷಿನಲ್ಲಿ ಚೆನ್ನಾಗಿ ಉಜ್ಜಿ, ಆಮೇಲೆ ಬಿಚ್ಚಿ. ಇಲ್ಲದಿದ್ದರೆ ಕಸವೆಲ್ಲ ತೂತಿನೊಳಗೆ ಬೀಳುತ್ತದೆ. ಒಳಗೆ 4 ಮಿ.ಮೀ. ಅಲೆನ್ ಕೀ (ಆರು ಮೂಲೆಯ ಕಡ್ಡಿಯಂಥ ಕೀ) ಕೂರುವ ಸ್ಕ್ರೂ ಸಿಗುತ್ತದೆ. ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿಗೆ ತಿರುಗಿಸಿ. ಪಿಸ್ಟನ್ ಮೆಲ್ಲಗೆ ಒಳಗೆ ಸರಿಯುತ್ತದೆ, ಪ್ಯಾಡು ಸಡಿಲವಾಗುತ್ತದೆ. ಮಧ್ಯೆ ಮಧ್ಯೆ ಎಂಜಿನ್ ಕೋಣೆಯಲ್ಲಿರುವ ಬ್ರೇಕ್ ಆಯಿಲ್ ಡಬ್ಬಿ ನೋಡುತ್ತಿರಿ. ಮಟ್ಟ ಏರಿದರೆ ಸಿರಿಂಜಿನಲ್ಲಿ ಸ್ವಲ್ಪ ತೆಗೆಯಿರಿ. ಪೇಂಟಿನ ಮೇಲೆ ಚೆಲ್ಲಿದರೆ ಪೇಂಟ್ ಎದ್ದು ಬರುತ್ತದೆ, ಕೂಡಲೇ ನೀರು ಹಾಕಿ ತೊಳೆಯಿರಿ.

ಕ್ಯಾಲಿಪರ್ ಬಿಡಿಸಿ ಸ್ಪ್ರಿಂಗಿಗೆ ತಂತಿಯಲ್ಲಿ ಕಟ್ಟಿಬಿಡಿ. ಬ್ರೇಕ್ ಆಯಿಲ್ ಬರುವ ಹೋಸಿನ ಮೇಲೆ ನೇತಾಡಿಸಬೇಡಿ. ಈ ಕೆಲಸದಲ್ಲಿ ಹೋಸ್ ಬಿಚ್ಚುವ ಪ್ರಶ್ನೆಯೇ ಇಲ್ಲ, ಹಾಗಾಗಿ ಹೋಸಿನೊಳಗೆ ಸೇರಿದ ಗಾಳಿ ತೆಗೆಯುವ ತಾಪತ್ರಯವೂ ಇಲ್ಲ. ಆದರೆ ಆಯಿಲ್ ಕಪ್ಪಾಗಿದ್ದರೆ ಇದೇ ಸಮಯ ಅಂತ ಬದಲಿಸಿಕೊಳ್ಳಿ.

ಹಳೆಯ ಬ್ರಾಕೆಟ್ಟಿನ ಎರಡು ಬೋಲ್ಟು ಬಿಚ್ಚಿ, ಡಿಸ್ಕ್ ಎಳೆಯಿರಿ. ಬರದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ರಬ್ಬರ್ ಸುತ್ತಿಗೆಯಿಂದ ತಟ್ಟಿ. ಡಿಸ್ಕಿನ ಹಿಂದಿರುವ ತಗಡಿನ ಮರೆ ಹೊಸ ಡಿಸ್ಕಿಗೆ ಅಡ್ಡ ಬರುತ್ತದೆ. ಅಂಚನ್ನು ಹಿಂದಕ್ಕೆ ಬಗ್ಗಿಸಿ, ಇಲ್ಲವೇ ತಗಡು ಕತ್ತರಿಯಿಂದ ಕತ್ತರಿಸಿ. ಹಬ್, ಅಂದರೆ ಡಿಸ್ಕ್ ಕೂರುವ ನಡುಭಾಗದ, ಮುಖದ ಮೇಲಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಒಂದು ಚೂರು ತುಕ್ಕು ಉಳಿದರೂ ಡಿಸ್ಕ್ ಸೊಟ್ಟಗೆ ಕೂತು ಪೆಡಲ್ ನಡುಗುತ್ತದೆ. ಹೊಸ ಡಿಸ್ಕಿನ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ ಕೂರಿಸಿ.

1.8ರ ಬ್ರಾಕೆಟ್ ಬೇರೊಂದು ಹಳೆಯ ಕಾರಿನಿಂದ ಕಿತ್ತದ್ದಾಗಿದ್ದರೆ, ಕ್ಯಾಲಿಪರ್ ಜಾರಾಡುವ ಪಿನ್ನುಗಳನ್ನು ಹೊರಗೆಳೆದು ನೋಡಿ. ಬೆರಳಲ್ಲಿ ತಳ್ಳಿದರೆ ಸಲೀಸಾಗಿ ಓಡಾಡಬೇಕು. ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸು ಹಚ್ಚಿ. ಬ್ರಾಕೆಟ್ ಬೋಲ್ಟನ್ನು 49ರಿಂದ 69 ನ್ಯೂಟನ್ ಮೀಟರ್ ಒಳಗೆ, ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದಲೇ ಬಿಗಿ ಮಾಡಿ. ಹೊಸ ಪ್ಯಾಡ್ ಹಾಕಿ ಕ್ಯಾಲಿಪರ್ ಕೂರಿಸಿ. ಹಳೆಯ ಪ್ಯಾಡ್ ಚೆನ್ನಾಗಿದೆ ಅಂತ ಉಳಿಸಬೇಡಿ, ಅದರ ಅಳತೆಯೇ ಬೇರೆ.

ಈಗ ಅದೇ ಅಲೆನ್ ಕೀಯನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ, ಪ್ಯಾಡು ಡಿಸ್ಕಿಗೆ ತಾಗುವವರೆಗೆ. ಅಲ್ಲಿಂದ ಮೂರನೇ ಒಂದು ಸುತ್ತು ಹಿಂದಕ್ಕೆ ಬನ್ನಿ. ಡಿಸ್ಕನ್ನು ಕೈಯಿಂದ ತಿರುಗಿಸಿ ನೋಡಿ. ಎಲ್ಲೂ ಹಿಡಿಯಬಾರದು. ಮುಚ್ಚಳದ ಬೋಲ್ಟು ಮರೆಯದೆ ಹಾಕಿ. ಇನ್ನೊಂದು ಬದಿಗೂ ಇದೇ ಕೆಲಸ. ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿ ಮಾಡುವುದು ಎರಡೂ ಕಡೆ ಮುಗಿದ ಮೇಲೆ. ಲಿವರ್ ಎಳೆದರೆ ಐದರಿಂದ ಏಳು ಕ್ಲಿಕ್ಕಿಗೆ ಹಿಡಿಯಬೇಕು. ಕ್ಯಾಲಿಪರಿನ ಸ್ಕ್ರೂ ಸರಿ ಮಾಡದೆ ಕೇಬಲ್ ಬಿಗಿದು ಸಮಾಧಾನ ಪಟ್ಟುಕೊಂಡರೆ ಹ್ಯಾಂಡ್ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ.

ಚಕ್ರದ ನಟ್ಟುಗಳಿಗೆ 88ರಿಂದ 118 ನ್ಯೂಟನ್ ಮೀಟರ್. ಕಾರು ಸ್ಟಾರ್ಟ್ ಮಾಡುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕಾರು ಸಲ ಒತ್ತಿ. ಮೊದಲ ಒತ್ತಿಗೆ ಅದು ನೆಲಕ್ಕೇ ಹೋಗಬಹುದು.

ಆಮೇಲೆ ಖಾಲಿ ರಸ್ತೆಯಲ್ಲಿ ಪ್ಯಾಡ್ ಪಳಗಿಸಬೇಕು. ಗಂಟೆಗೆ 60 ಕಿ.ಮೀ. ವೇಗದಿಂದ 10ಕ್ಕೆ ಇಳಿಸುವುದು, ಮತ್ತೆ ಏರಿಸುವುದು, ಹೀಗೆ ಎಂಟು ಹತ್ತು ಸಲ. ಪೂರ್ತಿ ನಿಲ್ಲಿಸಬೇಡಿ. ಬಿಸಿ ಇರುವಾಗ ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಬ್ರೇಕ್ ಒತ್ತದೆ ಒಂದಷ್ಟು ದೂರ ಓಡಿಸಿ, ತಣಿಯಲು ಬಿಡಿ. ಮನೆಗೆ ಬಂದ ಮೇಲೆ ಎರಡೂ ಹಿಂದಿನ ಚಕ್ರಗಳ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಕಡೆ ಮಾತ್ರ ಕಾವು ಜಾಸ್ತಿ ಇದ್ದರೆ ಆ ಕಡೆಯ ಸ್ಕ್ರೂ ಬಿಗಿಯಾಗಿದೆ, ಅಥವಾ ಪಿನ್ನು ಹಿಡಿದುಕೊಂಡಿದೆ ಅಂತ ಲೆಕ್ಕ. ಮತ್ತೆ ಜಾಕಿ ಎತ್ತಿ ಸರಿ ಮಾಡಿ.